ಎರಡು ವಿಲ್ಯಾನ್, ಎರಡು ಕೇಬಲ್, ಒಂದೇ ಮರ

ಪ್ರಶ್ನೆ: ಮಂಗಳೂರಿನ ಬೈಕಂಪಾಡಿಯ ಗೇರುಬೀಜ ಕಾರ್ಖಾನೆಯೊಂದರಲ್ಲಿ ಲೆಕ್ಕಪತ್ರದ ಜೊತೆಗೆ ಕಂಪ್ಯೂಟರ್ ನೆಟ್‌ವರ್ಕನ್ನೂ ನಾನೇ ನೋಡಿಕೊಳ್ಳುತ್ತೇನೆ. ಕಚೇರಿಯಲ್ಲಿ ಕಂಪ್ಯೂಟರ್‌ಗಳನ್ನು ಕೂಡಿಸುವ ಒಂದು ನೆಟ್‌ವರ್ಕ್ ಸ್ವಿಚ್ ಇದೆ, ಇನ್ನೂರು ಮೀಟರ್ ಆಚೆ ಗೋದಾಮಿನಲ್ಲಿ ಇನ್ನೊಂದು. ಎರಡೂ ಬೇರೆ ಬೇರೆ ಕಂಪನಿಯವು. ನಡುವೆ ಎರಡು ಫೈಬರ್ ಕೇಬಲ್‌ಗಳಿವೆ. 23ನೇ ಪೋರ್ಟಿನ ಕೇಬಲ್‌ನಲ್ಲಿ ಬಿಲ್ಲಿಂಗ್‌ನ ವಿಲ್ಯಾನ್ 10 (ವಿಲ್ಯಾನ್ ಎಂದರೆ ಅದೇ ಸ್ವಿಚ್‌ಗಳೊಳಗೆ ಬೇರ್ಪಡಿಸಿಟ್ಟ ಪ್ರತ್ಯೇಕ ಜಾಲ) ಮಾತ್ರ ಹೋಗುತ್ತದೆ, 24ನೆಯದರಲ್ಲಿ ಕ್ಯಾಮೆರಾಗಳ ವಿಲ್ಯಾನ್ 20 ಮಾತ್ರ. ಒಂದಕ್ಕೊಂದು ಸಂಬಂಧವೇ ಇಲ್ಲದಿರುವಾಗ ಲೂಪ್, ಅಂದರೆ ಕಳುಹಿಸಿದ್ದು ಸುತ್ತಿ ಮರಳಿ ಬರುವ ದಾರಿ, ಆಗುವ ಮಾತೇ ಇಲ್ಲ. ಆದರೂ ಲೂಪ್ ಆಗದಂತೆ ಹೆಚ್ಚುವರಿ ದಾರಿಯನ್ನು ಮುಚ್ಚುವ ಸ್ಪ್ಯಾನಿಂಗ್ ಟ್ರೀ ಆನ್ ಮಾಡಿದ ಕೂಡಲೇ ಗೋದಾಮಿನ ಕ್ಯಾಮೆರಾಗಳೆಲ್ಲ ನಿಂತುಹೋಗುತ್ತವೆ. ಆಫ್ ಮಾಡಿದರೆ ಎಲ್ಲವೂ ಸರಿಯಾಗುತ್ತದೆ. ಹಾಗೆಯೇ ಆಫ್ ಮಾಡಿ ಇಟ್ಟರೆ ತೊಂದರೆಯೇ?

ಉತ್ತರ: ಆಫ್ ಮಾಡಿ ಇಡಬೇಡಿ. ಇವತ್ತೇ ಮಾಡಬಹುದಾದ ಕೆಲಸವನ್ನು ಮೊದಲು ಹೇಳಿ, ಆಮೇಲೆ ಕಾರಣಕ್ಕೆ ಬರುತ್ತೇನೆ. 24ನೇ ಪೋರ್ಟಿನ ಕೇಬಲನ್ನು ಕಳಚಿ. 23ನೇ ಪೋರ್ಟನ್ನು ಎರಡೂ ತುದಿಗಳಲ್ಲಿ ಟ್ರಂಕ್ (ಹಲವು ವಿಲ್ಯಾನ್‌ಗಳು ಹಾಯುವ ಪೋರ್ಟ್) ಮಾಡಿ, ವಿಲ್ಯಾನ್ 10 ಮತ್ತು 20 ಎರಡಕ್ಕೂ ಟ್ಯಾಗ್ (ಯಾವ ವಿಲ್ಯಾನ್ ಎಂದು ಹೇಳುವ ಗುರುತು) ಹಾಕಿ ಅದರಲ್ಲೇ ಹಾಯಿಸಿ. ಕ್ಯಾಮೆರಾಗಳು ಆ ದಾರಿಯಿಂದ ಮತ್ತೆ ಕಾಣಿಸಿಕೊಳ್ಳುತ್ತವೆ. ನಂತರ ಎರಡೂ ಸ್ವಿಚ್‌ಗಳಲ್ಲಿ ಸ್ಪ್ಯಾನಿಂಗ್ ಟ್ರೀ ಆನ್ ಮಾಡಿ. ಅದಾದ ಮೇಲೆಯೇ 24ನೇ ಪೋರ್ಟನ್ನೂ ಅದೇ ರೀತಿ ಟ್ರಂಕ್ ಮಾಡಿ ಕೇಬಲನ್ನು ಮರಳಿ ಚುಚ್ಚಿ. ಈ ಅನುಕ್ರಮವನ್ನು ದಯವಿಟ್ಟು ಬದಲಿಸಬೇಡಿ. ಸ್ಪ್ಯಾನಿಂಗ್ ಟ್ರೀ ಆಫ್ ಇರುವಾಗ ಎರಡೂ ಕೇಬಲ್‌ಗಳಲ್ಲಿ ಒಂದೇ ವಿಲ್ಯಾನ್ ಹರಿಯಿತೆಂದರೆ ಆ ಕ್ಷಣದಲ್ಲೇ ನಿಜವಾದ ಲೂಪ್ ಹುಟ್ಟುತ್ತದೆ. ಒಂದು ಕೇಬಲ್ ಸಾಲುತ್ತದೆಯೇ ಎಂಬ ಆತಂಕ ಬೇಡ. ಒಂದು ಕ್ಯಾಮೆರಾಕ್ಕೆ ಸೆಕೆಂಡಿಗೆ 4 ಮೆಗಾಬಿಟ್ ಹಿಡಿದರೂ 16 ಕ್ಯಾಮೆರಾಗಳಿಗೆ 64 ಮೆಗಾಬಿಟ್ ಆಯಿತು. ಗಿಗಾಬಿಟ್ ಕೇಬಲ್‌ಗೆ ಅದು ಭಾರವೇ ಅಲ್ಲ.

ಈಗ ಕಾರಣ. ನಿಮ್ಮ ತರ್ಕದಲ್ಲಿ ತಪ್ಪಿಲ್ಲ. ವಿಲ್ಯಾನ್ 10ರ ಫ್ರೇಮಿಗೆ (ಕೇಬಲಿನಲ್ಲಿ ಹೋಗುವ ಮಾಹಿತಿಯ ಒಂದು ಕಟ್ಟಿಗೆ) ಗೋದಾಮಿಗೆ ಹೋಗಲು ಒಂದೇ ದಾರಿ, ವಿಲ್ಯಾನ್ 20ಕ್ಕೂ ಒಂದೇ ದಾರಿ. ಎಲ್ಲಿಯೂ ಸುತ್ತು ಇಲ್ಲ. ಸ್ವಿಚ್ ಕೂಡ ತಪ್ಪು ಮಾಡುತ್ತಿಲ್ಲ. ನೀವು ನೋಡುತ್ತಿರುವುದು ಕೇಬಲಿನೊಳಗೆ ಯಾರು ಓಡಾಡುತ್ತಾರೆ ಎಂಬುದನ್ನು. ಸ್ಪ್ಯಾನಿಂಗ್ ಟ್ರೀ ನೋಡುವುದು ಕೇಬಲನ್ನು ಮಾತ್ರ. ನೀವು ಮಂಗಳೂರು ಪೇಟೆಗೆ ಬರುವಾಗ ಕೂಳೂರಿನಲ್ಲಿ ಫಲ್ಗುಣಿ ನದಿ ದಾಟುತ್ತೀರಲ್ಲ, ಅಲ್ಲಿ ಹಳೆಯದು ಹೊಸದು ಎಂದು ಸೇತುವೆಗಳು ಪಕ್ಕಪಕ್ಕದಲ್ಲಿವೆ. ಒಂದರಲ್ಲಿ ಬಸ್ಸು ಮಾತ್ರ, ಇನ್ನೊಂದರಲ್ಲಿ ಲಾರಿ ಮಾತ್ರ ಎಂದು ನೀವು ನಿಯಮ ಮಾಡಿದ್ದೀರಿ ಎನ್ನೋಣ. ಎರಡು ದಡಗಳ ನಡುವೆ ಎರಡು ಸೇತುವೆ ಇದ್ದರೆ ಒಂದನ್ನು ಮುಚ್ಚಬೇಕು ಎಂಬ ಆಜ್ಞೆ ಹಿಡಿದು ಬಂದ ಅಧಿಕಾರಿಗೆ ನಿಮ್ಮ ನಿಯಮ ಗೊತ್ತಿಲ್ಲ. ಅವರು ಎರಡನೆಯ ಸೇತುವೆಗೆ ತಡೆ ಹಾಕುತ್ತಾರೆ. ಲಾರಿಗಳೆಲ್ಲ ದಡದಲ್ಲಿ ಉಳಿಯುತ್ತವೆ.

ಆ ಅಧಿಕಾರಿಗೆ ವಿಲ್ಯಾನ್ ಏಕೆ ಗೊತ್ತಿಲ್ಲ ಎಂದರೆ, ಅವರ ಕೈಪಿಡಿ ಬರೆಯುವಾಗ ವಿಲ್ಯಾನ್ ಮಾನದಂಡವೇ ಇರಲಿಲ್ಲ. ರೇಡಿಯಾ ಪರ್ಲ್‌ಮನ್ ಅವರು ಡಿಜಿಟಲ್ ಇಕ್ವಿಪ್‌ಮೆಂಟ್ ಕಾರ್ಪೊರೇಷನ್‌ನಲ್ಲಿದ್ದಾಗ ಈ ವಿಧಾನವನ್ನು ರೂಪಿಸಿದ್ದು 1985ರಲ್ಲಿ. ಮಾನದಂಡಗಳನ್ನು ರೂಪಿಸುವ ಎಂಜಿನಿಯರುಗಳ ಸಂಸ್ಥೆ ಐಇಇಇ ಅದನ್ನು 802.1ಡಿ ಎಂದು ಪ್ರಕಟಿಸಿದ್ದು 1990ರಲ್ಲಿ. ವಿಲ್ಯಾನ್ ಟ್ಯಾಗಿನ ಮಾನದಂಡವಾದ 802.1ಕ್ಯೂ ಬಂದದ್ದು 1998ರಲ್ಲಿ. ಮರ ಮೊದಲು ಬೆಳೆಯಿತು, ಬೇಲಿಗಳು ಆಮೇಲೆ ಬಂದವು. 2001ರ ರ್‍ಯಾಪಿಡ್ ಸ್ಪ್ಯಾನಿಂಗ್ ಟ್ರೀ, ಅಂದರೆ 802.1ಡಬ್ಲ್ಯು, ವೇಗವನ್ನು ಹೆಚ್ಚಿಸಿತೇ ಹೊರತು ಇಡೀ ಸ್ವಿಚ್‌ಗೆ ಒಂದೇ ಮರ ಎಂಬುದನ್ನು ಬದಲಿಸಲಿಲ್ಲ. ನಿಮ್ಮ ಸ್ವಿಚ್‌ಗಳಲ್ಲಿ ಈಗ ನಡೆಯುತ್ತಿರುವುದು ಬಹುತೇಕ ಇದೇ.

ಆ ಒಂದು ಮರ ನಿಮ್ಮಲ್ಲಿ 24ನೇ ಪೋರ್ಟನ್ನೇ ಏಕೆ ಹಿಡಿದು ಮುಚ್ಚಿತು ಎಂಬುದನ್ನು ಹತ್ತಿರದಿಂದ ನೋಡೋಣ. ಸ್ವಿಚ್‌ಗಳು ಎರಡು ಸೆಕೆಂಡಿಗೊಮ್ಮೆ ಬಿಪಿಡಿಯು ಎಂಬ ಸಣ್ಣ ಸಂದೇಶವನ್ನು ಟ್ಯಾಗ್ ಇಲ್ಲದೆ ಕಳುಹಿಸುತ್ತವೆ. ಆರಂಭದಲ್ಲಿ ಪ್ರತಿಯೊಂದೂ ತಾನೇ ರೂಟ್ ಬ್ರಿಡ್ಜ್, ಅಂದರೆ ಮರದ ಬುಡ, ಎಂದು ಸಾರುತ್ತದೆ. ತನಗಿಂತ ಚಿಕ್ಕ ಗುರುತಿನ ಸಂಖ್ಯೆ ಕೇಳಿಸಿದ ಕೂಡಲೇ ವಾದ ಬಿಟ್ಟು ಒಪ್ಪಿಕೊಳ್ಳುತ್ತದೆ. ಈ ಗುರುತಿನ ಸಂಖ್ಯೆಯಲ್ಲಿ ಮೊದಲು ಪ್ರಯಾರಿಟಿ, ನಂತರ ತಯಾರಿಸಿದ ಕಂಪನಿ ಕೊಟ್ಟ ಮ್ಯಾಕ್ ವಿಳಾಸ. ಪ್ರಯಾರಿಟಿಯನ್ನು ಯಾರೂ ಮುಟ್ಟದಿದ್ದರೆ ಎಲ್ಲದರಲ್ಲೂ 32768 ಇರುತ್ತದೆ, ಆಗ ತೀರ್ಮಾನ ಮ್ಯಾಕ್ ವಿಳಾಸದ ಮೇಲೆ. ನಿಮ್ಮಲ್ಲಿ ಕಚೇರಿಯ ಸ್ವಿಚ್ ರೂಟ್ ಆಗಿದೆ ಎಂದುಕೊಳ್ಳೋಣ. ಗೋದಾಮಿನ ಸ್ವಿಚ್ ಈಗ ರೂಟ್‌ಗೆ ಹೋಗುವ ಒಂದೇ ಒಂದು ಒಳ್ಳೆಯ ದಾರಿಯನ್ನು ಆರಿಸಬೇಕು. ಎರಡೂ ಗಿಗಾಬಿಟ್, ಆದ್ದರಿಂದ ಕಾಸ್ಟ್, ಅಂದರೆ ವೇಗದ ಮೇಲೆ ಲೆಕ್ಕ ಹಾಕುವ ದಾರಿಯ ಬೆಲೆ, ಸಮ. ಎರಡರ ಆಚೆ ತುದಿಯಲ್ಲೂ ಅದೇ ಸ್ವಿಚ್, ಆದ್ದರಿಂದ ಅದೂ ಸಮ. ಕೊನೆಗೆ ಉಳಿಯುವುದು ಕಳುಹಿಸಿದವರ, ಅಂದರೆ ಕಚೇರಿ ಸ್ವಿಚ್‌ನ, ಪೋರ್ಟ್ ಸಂಖ್ಯೆ. 23 ಚಿಕ್ಕದು, ಗೆದ್ದಿತು. 24ರ ಕೇಬಲಿನ ಗೋದಾಮಿನ ತುದಿ ಮುಚ್ಚಿತು. ನೀವು 23ರಲ್ಲಿ ಕ್ಯಾಮೆರಾ, 24ರಲ್ಲಿ ಬಿಲ್ಲಿಂಗ್ ಇಟ್ಟಿದ್ದರೆ ಕ್ಯಾಮೆರಾ ಉಳಿದು ಬಿಲ್ಲಿಂಗ್ ನಿಲ್ಲುತ್ತಿತ್ತು. ಆಗ ನೀವು ನನಗೆ ಇನ್ನೂ ಬೇಗ ಬರೆಯುತ್ತಿದ್ದಿರಿ.

ಹಾಗೆಂದು ಇಂಥ ಕುರುಡು ಅಧಿಕಾರಿ ಏಕೆ ಬೇಕು ಎಂದು ಕೇಳಬೇಡಿ. ಕ್ಯಾಮೆರಾ ನಿಂತಿತೆಂದು ಸ್ಪ್ಯಾನಿಂಗ್ ಟ್ರೀ ಆಫ್ ಮಾಡುವುದು ನೆಗಡಿ ಬಂತೆಂದು ಮೂಗು ಕೊಯ್ದುಕೊಂಡಂತೆ. ನಾನು ಇದನ್ನು ಕಣ್ಣಾರೆ ನೋಡಿದವನು. ಕೆಲವು ವರ್ಷಗಳ ಹಿಂದೆ ಒಂದು ಮಳೆಗಾಲದ ಮಧ್ಯಾಹ್ನ ಉಡುಪಿಯ ಒಂದು ಶಿಕ್ಷಣ ಸಂಸ್ಥೆಯಿಂದ ಕರೆ ಬಂತು. ಇಡೀ ಕಟ್ಟಡದಲ್ಲಿ ಇಂಟರ್‌ನೆಟ್ ಇಲ್ಲ, ಪ್ರಿಂಟರ್ ಇಲ್ಲ, ಐಪಿ ಫೋನ್ ಇಲ್ಲ. ಹೋಗಿ ರ್‍ಯಾಕ್‌ನ ಬಾಗಿಲು ತೆರೆದೆ. ಸಾಮಾನ್ಯವಾಗಿ ಸ್ವಿಚ್‌ನ ಹಸಿರು ದೀಪಗಳು ಒಂದೊಂದೂ ತನ್ನ ಪಾಡಿಗೆ ಮಿನುಗುತ್ತಿರುತ್ತವೆ. ಅವತ್ತು ನಲವತ್ತೆಂಟು ದೀಪಗಳೂ ಒಂದೇ ತಾಳಕ್ಕೆ ಒಟ್ಟಿಗೆ ಬಡಿದುಕೊಳ್ಳುತ್ತಿದ್ದವು. ಮೇಲಿನ ಸ್ವಿಚ್, ಕೆಳಗಿನ ಸ್ವಿಚ್, ಎಲ್ಲವೂ ಅದೇ ತಾಳ. ಲಾಗಿನ್ ಆಗಲು ಹೋದರೆ ಸ್ವಿಚ್ ಉತ್ತರ ಕೊಡುವ ಸ್ಥಿತಿಯಲ್ಲಿರಲಿಲ್ಲ. ಒಂದೊಂದೇ ಕೇಬಲ್ ಎಳೆಯುತ್ತ ಹೋದೆ. ಎಷ್ಟನೆಯದೋ ಎಳೆದಾಗ ದೀಪಗಳೆಲ್ಲ ಒಮ್ಮೆಲೇ ಶಾಂತವಾದವು. ಆ ಕೇಬಲನ್ನು ಹಿಡಿದು ಹೋದರೆ ಎರಡನೆಯ ಮಹಡಿಯ ಪ್ರಯೋಗಾಲಯ. ಗೋಡೆಯಲ್ಲಿ ಅಕ್ಕಪಕ್ಕ ಎರಡು ನೆಟ್‌ವರ್ಕ್ ಸಾಕೆಟ್. ಒಂದು ಗಜ ಉದ್ದದ ಬೂದು ಬಣ್ಣದ ಪ್ಯಾಚ್ ಕಾರ್ಡ್‌ನ ಎರಡೂ ತುದಿಗಳನ್ನು ಆ ಎರಡು ಸಾಕೆಟ್‌ಗಳಿಗೆ ಯಾರೋ ಅಚ್ಚುಕಟ್ಟಾಗಿ ಚುಚ್ಚಿಟ್ಟಿದ್ದರು. ಕೋಣೆ ಗುಡಿಸುವಾಗ ಕೇಬಲ್ ನೆಲದಲ್ಲಿ ತೊಡರುತ್ತದೆ ಎಂದು ಮಾಡಿದ ಕೆಲಸವಂತೆ. ಮಾಡಿದವರದು ಒಳ್ಳೆಯ ಬುದ್ಧಿಯೇ. ಅದಕ್ಕೂ ಹಿಂದೆ ಇನ್ಯಾರೋ ಸ್ಪ್ಯಾನಿಂಗ್ ಟ್ರೀಯನ್ನು ಆಫ್ ಮಾಡಿಟ್ಟಿದ್ದರು, ತೊಂದರೆ ಅಲ್ಲಿತ್ತು.

ಒಂದು ಗಜದ ಕೇಬಲ್ ಇಡೀ ಕಟ್ಟಡವನ್ನು ಹೇಗೆ ಮಲಗಿಸುತ್ತದೆ? ಐಪಿ ಪ್ಯಾಕೆಟ್‌ಗೆ ಆಯುಸ್ಸು ಇದೆ. ಒಂದೊಂದು ರೂಟರ್ ದಾಟಿದಾಗಲೂ ಅದರ ಟಿಟಿಎಲ್ ಒಂದು ಕಡಿಮೆಯಾಗುತ್ತದೆ, ಸೊನ್ನೆಯಾದಾಗ ಅದು ಸಾಯುತ್ತದೆ. ಈಥರ್ನೆಟ್ ಫ್ರೇಮಿಗೆ ಅಂಥ ಆಯುಸ್ಸು ಇಲ್ಲ. ಎಲ್ಲರಿಗೂ ಎಂದು ಕಳುಹಿಸಿದ ಬ್ರಾಡ್‌ಕಾಸ್ಟ್ ಫ್ರೇಮ್ ಬಂದರೆ ಸ್ವಿಚ್ ಅದನ್ನು ಆ ವಿಲ್ಯಾನ್‌ನ ಉಳಿದೆಲ್ಲ ಪೋರ್ಟ್‌ಗಳಿಗೂ ನಕಲು ಮಾಡಿ ಕಳುಹಿಸುತ್ತದೆ; ಲೂಪ್ ಇದ್ದರೆ ಆ ನಕಲು ಮರಳಿ ಬರುತ್ತದೆ, ಮತ್ತೆ ನಕಲಾಗುತ್ತದೆ. ಗಿಗಾಬಿಟ್ ಕೇಬಲ್‌ನಲ್ಲಿ ಅತಿ ಚಿಕ್ಕ ಫ್ರೇಮ್‌ಗಳು ಸೆಕೆಂಡಿಗೆ 14,88,095ರ ತನಕ ಓಡಬಲ್ಲವು. ಕೇಬಲ್ ಕಳಚುವವರೆಗೆ ಅವು ನಿಲ್ಲುವುದಿಲ್ಲ. ನಿಮ್ಮಲ್ಲಿ ಇವತ್ತು ಲೂಪ್ ಇಲ್ಲ, ನಿಜ. ನಾಳೆ ಗೋದಾಮಿನಲ್ಲಿ ತೂಕದ ಯಂತ್ರದ ಪಕ್ಕ ಯಾರಾದರೂ ಒಂದು ಕೇಬಲಿನ ಎರಡು ತುದಿಗಳನ್ನು ಚುಚ್ಚಿದರೆ ನಿಮ್ಮನ್ನು ಕಾಯುವವರು ಯಾರು?

ವಿಲ್ಯಾನ್‌ಗೊಂದು ಮರ ಬೆಳೆಸುವ ದಾರಿಗಳೂ ಇವೆ. ಸಿಸ್ಕೊದವರ ಪಿವಿಎಸ್‌ಟಿ ಪ್ಲಸ್ ಅಂಥದ್ದು. ಅದರಲ್ಲಿ ಪ್ರತಿ ವಿಲ್ಯಾನ್‌ಗೂ ಬೇರೆ ರೂಟ್, ಬೇರೆ ಲೆಕ್ಕ, ಬೇರೆ ಬಿಪಿಡಿಯು. ಎರಡೂ ಕಡೆ ಅದೇ ಇದ್ದಿದ್ದರೆ ನೀವು ಮಾಡಿದ ಜೋಡಣೆಯಲ್ಲಿ ಏನೂ ಮುಚ್ಚುತ್ತಿರಲಿಲ್ಲ. ಅಂಥ ಸ್ವಿಚ್‌ನಲ್ಲಿ ಪ್ರಯಾರಿಟಿ 32778 ಎಂದು ಕಂಡರೆ ಗಾಬರಿಯಾಗಬೇಡಿ: 32768ಕ್ಕೆ ವಿಲ್ಯಾನ್ ಸಂಖ್ಯೆ 10 ಸೇರಿದೆ, ಅಷ್ಟೇ. ಪ್ರಯಾರಿಟಿಗೆಂದು ಇದ್ದ 16 ಬಿಟ್‌ಗಳಲ್ಲಿ 12ನ್ನು ವಿಲ್ಯಾನ್ ಸಂಖ್ಯೆಗೆ ಬಿಟ್ಟುಕೊಟ್ಟಿರುವುದರಿಂದ ನಮಗೆ ಉಳಿದದ್ದು ನಾಲ್ಕೇ ಬಿಟ್. ಪ್ರಯಾರಿಟಿಯನ್ನು 4096ರ ಗುಣಕಗಳಲ್ಲೇ ಕೊಡಬೇಕಾಗಿರುವುದು ಆ ಕಾರಣಕ್ಕೆ. ಆದರೆ ಬೇರೆ ಕಂಪನಿಯ ಸ್ವಿಚ್ ನಡುವೆ ಬಂದಾಗ ಈ ವಿಧಾನ ತೊಡಕಾಗುತ್ತದೆ. ವಿಲ್ಯಾನ್ 1ರ ಸಂದೇಶ ಮಾತ್ರ ಎಲ್ಲರಿಗೂ ಅರ್ಥವಾಗುವ ಐಇಇಇ ಭಾಷೆಯಲ್ಲಿ ಹೋಗುತ್ತದೆ. ಉಳಿದ ವಿಲ್ಯಾನ್‌ಗಳ ಬಿಪಿಡಿಯುಗಳನ್ನು ಬೇರೆ ಕಂಪನಿಯ ಸ್ವಿಚ್ ಮಾಮೂಲಿ ಮಲ್ಟಿಕಾಸ್ಟ್ (ಹಲವರಿಗೆ ಒಟ್ಟಿಗೆ ಕಳುಹಿಸಿದ ಫ್ರೇಮ್) ಎಂದೇ ತಿಳಿದು ಹಾಗೆಯೇ ಮುಂದೆ ದಾಟಿಸುತ್ತದೆ. ಎರಡು ಕಂಪನಿಗಳ ಸ್ವಿಚ್ ಇಟ್ಟುಕೊಂಡಿರುವ ನಿಮಗೆ ನಾನು ಇದನ್ನು ಹೇಳುವುದಿಲ್ಲ.

ಎಲ್ಲರೂ ಒಪ್ಪಿದ ಮಾನದಂಡ ಎಂಎಸ್‌ಟಿಪಿ. 2002ರ 802.1ಎಸ್‌ನಲ್ಲಿ ಬಂದು ಆಮೇಲೆ 802.1ಕ್ಯೂನಲ್ಲೇ ಸೇರಿಕೊಂಡಿತು. ಇನ್ನೂರು ವಿಲ್ಯಾನ್ ಇದ್ದರೆ ಇನ್ನೂರು ಮರ ಏಕೆ, ಇರುವ ದಾರಿಗಳು ಎರಡು ಮೂರು ತಾನೇ ಎಂಬುದು ಅದರ ಹಿಂದಿನ ಯೋಚನೆ. ವಿಲ್ಯಾನ್‌ಗಳನ್ನು ಗುಂಪು ಮಾಡಿ ಒಂದೊಂದು ಗುಂಪಿಗೆ ಇನ್‌ಸ್ಟೆನ್ಸ್ ಎಂಬ ಒಂದು ಮರ ಕೊಡುತ್ತೀರಿ. ಎಲ್ಲ ಮರಗಳ ಸುದ್ದಿಯೂ ಒಂದೇ ಬಿಪಿಡಿಯುವಿನೊಳಗೆ ಕೂತು ಹೋಗುತ್ತದೆ. ಯಾವ ಗುಂಪಿಗೂ ಸೇರದ ವಿಲ್ಯಾನ್‌ಗಳು ಸೊನ್ನೆಯ ಇನ್‌ಸ್ಟೆನ್ಸ್‌ನಲ್ಲಿ ಉಳಿಯುತ್ತವೆ.

ನೀವು ಎಂಎಸ್‌ಟಿಪಿ ಬಗ್ಗೆ ಓದಿದ ಕೂಡಲೇ ಹತ್ತನ್ನು ಒಂದನೆಯ ಇನ್‌ಸ್ಟೆನ್ಸ್‌ಗೆ, ಇಪ್ಪತ್ತನ್ನು ಎರಡನೆಯದಕ್ಕೆ ಹಾಕಿದರೆ ಆಯಿತು, ಕೇಬಲ್‌ಗಳು ಈಗಿರುವಂತೆಯೇ ಇರಲಿ ಎಂದುಕೊಳ್ಳುತ್ತೀರಿ. ಹೆಚ್ಚಿನವರು ಎಡವುವುದು ಇಲ್ಲಿಯೇ, ಆದ್ದರಿಂದ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ಎಂಎಸ್‌ಟಿಪಿಯ ಪ್ರತಿಯೊಂದು ಇನ್‌ಸ್ಟೆನ್ಸ್ ಕೂಡ ಸ್ವಿಚ್‌ಗಳ ನಡುವಿನ ಎಲ್ಲ ಕೇಬಲ್‌ಗಳ ಮೇಲೂ ಲೆಕ್ಕ ಹಾಕುತ್ತದೆ. ಆ ಕೇಬಲ್‌ನಲ್ಲಿ ಆ ವಿಲ್ಯಾನ್‌ಗೆ ಪ್ರವೇಶ ಇದೆಯೇ ಎಂದು ಅದು ಕೇಳುವುದೇ ಇಲ್ಲ. ಆದ್ದರಿಂದ ಎರಡನೆಯ ಇನ್‌ಸ್ಟೆನ್ಸ್ ಕೂಡ, ಬೇರೇನೂ ಹೇಳದಿದ್ದರೆ, ಅದೇ ಹಳೆಯ ನಿಯಮದಂತೆ 23ನ್ನು ಆರಿಸಿ 24ನ್ನು ಮುಚ್ಚುತ್ತದೆ. 23ರಲ್ಲಿ ವಿಲ್ಯಾನ್ 20 ಇಲ್ಲ. ಕ್ಯಾಮೆರಾ ಮತ್ತೆ ಕತ್ತಲು. ನೀವು ಕಾಸ್ಟ್ ತಿದ್ದಿ ಎರಡನೆಯ ಇನ್‌ಸ್ಟೆನ್ಸನ್ನು 24ರ ಕಡೆಗೆ ತಿರುಗಿಸಿದರೆ ಕ್ಯಾಮೆರಾ ಬರುತ್ತದೆ, ಎಲ್ಲವೂ ಸರಿಯಾಯಿತು ಎನಿಸುತ್ತದೆ. ಒಂದು ದಿನ 23ರ ಫೈಬರ್ ಕಡಿದುಹೋಗುತ್ತದೆ. ಒಂದನೆಯ ಇನ್‌ಸ್ಟೆನ್ಸ್ ತನ್ನ ಕೆಲಸ ಸರಿಯಾಗಿಯೇ ಮಾಡಿ 24ನ್ನು ತೆರೆಯುತ್ತದೆ. ಆದರೆ ಅಲ್ಲಿ ವಿಲ್ಯಾನ್ 10ಕ್ಕೆ ಪ್ರವೇಶವಿಲ್ಲ. ಎರಡನೆಯ ಕೇಬಲ್ ಇದ್ದೂ ಬಿಲ್ಲಿಂಗ್ ನಿಂತಿತು. ಸ್ವಿಚ್‌ನ ಪರದೆಯಲ್ಲಿ ಪೋರ್ಟ್ ಫಾರ್ವರ್ಡಿಂಗ್ (ತೆರೆದಿದೆ) ಎಂದೇ ತೋರಿಸುತ್ತಿರುತ್ತದೆ, ದೋಷ ಹುಡುಕುವವರ ಕಣ್ಣಿಗೆ ಅದು ಬೀಳುವುದೂ ಇಲ್ಲ.

ಆದ್ದರಿಂದ ಸ್ವಿಚ್‌ಗಳ ನಡುವಿನ ಎಲ್ಲ ಕೇಬಲ್‌ಗಳಲ್ಲೂ ಎಲ್ಲ ವಿಲ್ಯಾನ್‌ಗಳನ್ನು ಹಾಯಿಸಿ. ಯಾವುದು ಯಾವ ದಾರಿಯಲ್ಲಿ ಹೋಗಬೇಕು ಎಂಬ ತೀರ್ಮಾನವನ್ನು ವಿಲ್ಯಾನ್ ಪಟ್ಟಿಯಿಂದ ಮಾಡಬೇಡಿ, ಮರದಿಂದ ಮಾಡಿ. ಈ ಉತ್ತರದಲ್ಲಿ ನೀವು ಒಂದನ್ನೇ ಇಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ.

ಎಂಎಸ್‌ಟಿಪಿ ಹಾಕುವುದಾದರೆ ಇನ್ನೊಂದು ಎಚ್ಚರಿಕೆ. ಎರಡೂ ಸ್ವಿಚ್‌ಗಳು ಒಂದೇ ರೀಜನ್‌ಗೆ, ಅಂದರೆ ಒಂದೇ ಹಂಚಿಕೆಯನ್ನು ಪಾಲಿಸುವ ಸ್ವಿಚ್‌ಗಳ ಗುಂಪಿಗೆ, ಸೇರಬೇಕಾದರೆ ರೀಜನ್‌ನ ಹೆಸರು, ರಿವಿಷನ್ ಸಂಖ್ಯೆ ಮತ್ತು ಯಾವ ವಿಲ್ಯಾನ್ ಯಾವ ಇನ್‌ಸ್ಟೆನ್ಸ್‌ನಲ್ಲಿ ಎಂಬ ಪಟ್ಟಿ, ಈ ಮೂರೂ ಚಾಚೂ ತಪ್ಪದೆ ಒಂದೇ ಆಗಿರಬೇಕು. ಹೆಸರಿನಲ್ಲಿ ಇಂಗ್ಲಿಷಿನ ದೊಡ್ಡಕ್ಷರ ಚಿಕ್ಕಕ್ಷರ ಬದಲಾದರೂ ಅದು ಬೇರೆ ರೀಜನ್. ಪಟ್ಟಿಯಲ್ಲಿ ಒಂದು ವಿಲ್ಯಾನ್ ಹೆಚ್ಚು ಕಡಿಮೆಯಾದರೂ ಅಷ್ಟೇ. ಆಗ ಜಾಲ ನಿಲ್ಲುವುದಿಲ್ಲ. ರೀಜನ್‌ಗಳ ಗಡಿಯಲ್ಲಿ ಎಲ್ಲ ಇನ್‌ಸ್ಟೆನ್ಸ್‌ಗಳೂ ಸೊನ್ನೆಯನ್ನೇ ಹಿಂಬಾಲಿಸುತ್ತವೆ, ನೀವು ಹಂಚಿದ ಹೊರೆ ಸದ್ದಿಲ್ಲದೆ ಒಂದೇ ಕೇಬಲ್‌ಗೆ ಬೀಳುತ್ತದೆ. ಇನ್ನು ದಾರಿ ತಿರುಗಿಸುವಾಗ ಯಾವ ತುದಿಯಲ್ಲಿ ಏನು ತಿದ್ದಬೇಕು ಎಂಬುದೂ ಗೊಂದಲ ಹುಟ್ಟಿಸುತ್ತದೆ. ಕಾಸ್ಟ್ ತಿದ್ದುವುದಾದರೆ ಗೋದಾಮಿನ ಪೋರ್ಟಿನಲ್ಲಿ, ಏಕೆಂದರೆ ಆರಿಸುವವರು ಅಲ್ಲಿದ್ದಾರೆ. ಪೋರ್ಟ್ ಪ್ರಯಾರಿಟಿ ತಿದ್ದುವುದಾದರೆ ಕಚೇರಿಯ ಪೋರ್ಟಿನಲ್ಲಿ, ಏಕೆಂದರೆ ಹೋಲಿಸುವುದು ಕಳುಹಿಸಿದವರ ಸಂಖ್ಯೆಯನ್ನು.

ಇಷ್ಟೆಲ್ಲ ಹೇಳಿದ ಮೇಲೂ, ಎರಡೇ ಸ್ವಿಚ್ ಮತ್ತು ಅವುಗಳ ನಡುವೆ ನೇರವಾಗಿ ಎರಡು ಕೇಬಲ್ ಇರುವ ನಿಮಗೆ ನಾನು ಹೇಳುವುದು ಎಂಎಸ್‌ಟಿಪಿಯನ್ನಲ್ಲ, ಎಲ್‌ಎಸಿಪಿಯನ್ನು. ಎರಡು ಕೇಬಲ್‌ಗಳನ್ನು ಕಟ್ಟಿ ಒಂದೇ ಕೊಂಡಿ ಮಾಡುವ ವಿಧಾನ ಅದು. ಬೇರೆ ಬೇರೆ ಕಂಪನಿಗಳ ಸ್ವಿಚ್‌ಗಳೂ ಇದನ್ನು ಒಂದೇ ರೀತಿ ಮಾತಾಡುತ್ತವೆ. ಆಗ ಸ್ಪ್ಯಾನಿಂಗ್ ಟ್ರೀಗೆ ಕಾಣುವುದು ಒಂದೇ ಸೇತುವೆ, ಮುಚ್ಚಲು ಎರಡನೆಯದು ಇಲ್ಲ. ಎರಡೂ ಕೇಬಲ್‌ಗಳು ಕೆಲಸ ಮಾಡುತ್ತವೆ. ಒಂದು ಕಡಿದರೆ ಇನ್ನೊಂದರಲ್ಲಿ ಎಲ್ಲವೂ ಹೋಗುತ್ತದೆ. ಜೋಡಿಸುವಾಗಲೂ ಮೊದಲು ಒಂದು ಕೇಬಲ್ ಕಳಚಿ, ಎರಡೂ ತುದಿಗಳ ಸೆಟ್ಟಿಂಗ್ ಮುಗಿಸಿ, ಆಮೇಲೆ ಚುಚ್ಚಿ. ಸ್ಪ್ಯಾನಿಂಗ್ ಟ್ರೀ ಮಾತ್ರ ಆನ್ ಇರಲಿ. ರ್‍ಯಾಪಿಡ್ ವಿಧಾನವೇ ನಿಮಗೆ ಸಾಕು. ಮುಂದೆ ಪ್ಯಾಕಿಂಗ್ ಕಟ್ಟಡಕ್ಕೆ ಮೂರನೆಯ ಸ್ವಿಚ್ ಬಂದು ಮೂರೂ ತ್ರಿಕೋನವಾಗಿ ಕೂಡಿಕೊಂಡರೆ, ಆಗ ಎಂಎಸ್‌ಟಿಪಿಯ ಮಾತು ಆಡೋಣ.

ರೂಟ್ ಯಾರಾಗಬೇಕು ಎಂಬುದನ್ನು ನೀವೇ ನಿರ್ಧರಿಸಿ. ಉಡುಪಿಯ ಪರ್ಯಾಯದಲ್ಲಿ ಎರಡು ವರ್ಷಕ್ಕೊಮ್ಮೆ ಯಾವ ಮಠದ ನಂತರ ಯಾವ ಮಠ ಎಂಬುದು ಮೊದಲೇ ಎಲ್ಲರಿಗೂ ಗೊತ್ತು. ಸ್ವಿಚ್‌ಗಳಲ್ಲಿ ಅಂಥ ಸರದಿಯಿಲ್ಲ. ಚಿಕ್ಕ ಸಂಖ್ಯೆಯ ಸ್ವಿಚ್ ಯಾವಾಗ ಬಂದು ಸೇರಿದರೂ ಪಟ್ಟ ಅದಕ್ಕೆ. ಮ್ಯಾಕ್ ವಿಳಾಸಕ್ಕೆ ಬಿಟ್ಟರೆ ಹಲವು ಬಾರಿ ಎಲ್ಲಕ್ಕಿಂತ ಹಳೆಯ ಸ್ವಿಚ್ಚೇ ರೂಟ್ ಆಗುತ್ತದೆ, ಏಕೆಂದರೆ ಕಂಪನಿಗಳು ವಿಳಾಸಗಳನ್ನು ಹೆಚ್ಚಾಗಿ ಏರಿಕೆಯ ಕ್ರಮದಲ್ಲಿ ಹಂಚುತ್ತ ಬರುತ್ತವೆ. ಕಪಾಟಿನಲ್ಲಿ ಬಿದ್ದಿದ್ದ ಹಳೆಯದೊಂದನ್ನು ತಂದು ಜೋಡಿಸಿದ ದಿನ ನಿಮ್ಮ ಇಡೀ ಮರ ಅದರ ಸುತ್ತ ತಿರುಗಿ ನಿಲ್ಲಬಹುದು. ಕಚೇರಿಯ ಸ್ವಿಚ್‌ಗೆ 4096, ಗೋದಾಮಿನದಕ್ಕೆ 8192 ಕೊಟ್ಟುಬಿಡಿ.

ಇನ್ನು, ಸ್ಪ್ಯಾನಿಂಗ್ ಟ್ರೀಯನ್ನು ಜನ ಆಫ್ ಮಾಡಲು ಇರುವ ಇನ್ನೊಂದು ಕಾರಣವನ್ನೂ ಇಲ್ಲಿಯೇ ತೆಗೆದುಹಾಕಿಬಿಡೋಣ. ಹಳೆಯ ವಿಧಾನದಲ್ಲಿ ಕಂಪ್ಯೂಟರ್ ಚುಚ್ಚಿದ ಪೋರ್ಟ್ ಕೇಳಿಸಿಕೊಳ್ಳಲು 15 ಸೆಕೆಂಡ್, ಕಲಿಯಲು 15 ಸೆಕೆಂಡ್ ಕಾಯುತ್ತದೆ. ಆ ಅರ್ಧ ನಿಮಿಷದಲ್ಲಿ ಕಂಪ್ಯೂಟರ್ ಐಪಿ ವಿಳಾಸ ಕೇಳಿ ಸೋತು ಕೂತಿರುತ್ತದೆ. ಕಂಪ್ಯೂಟರ್, ಪ್ರಿಂಟರ್, ಕ್ಯಾಮೆರಾಗಳ ಪೋರ್ಟ್‌ಗಳನ್ನು ಎಡ್ಜ್ ಎಂದು ಗುರುತಿಸಿದರೆ ಈ ಕಾಯುವಿಕೆ ಇರುವುದಿಲ್ಲ. ಕೆಲವು ಸ್ವಿಚ್‌ಗಳಲ್ಲಿ ಇದಕ್ಕೆ ಪೋರ್ಟ್‌ಫಾಸ್ಟ್ ಎಂಬ ಹೆಸರಿದೆ. ಅದರ ಜೊತೆಗೆ ಬಿಪಿಡಿಯು ಗಾರ್ಡ್ ಹಾಕಲೇಬೇಕು. ಎಡ್ಜ್ ಪೋರ್ಟಿನಲ್ಲಿ ಬಿಪಿಡಿಯು ಕಾಣಿಸಿತೆಂದರೆ ಅಲ್ಲಿ ಯಾರೋ ಸ್ವಿಚ್ ಚುಚ್ಚಿದ್ದಾರೆ ಅಥವಾ ಕೇಬಲ್ ಸುತ್ತಿಕೊಂಡಿದೆ. ಗಾರ್ಡ್ ಆ ಪೋರ್ಟನ್ನೇ ಮುಚ್ಚುತ್ತದೆ. ಉಡುಪಿಯಲ್ಲಿ ಆ ಬೂದು ಪ್ಯಾಚ್ ಕಾರ್ಡ್ ಸಿಕ್ಕಿದ ಸಂಜೆ ನಾನು ಮಾಡಿದ ಕೆಲಸ ಇದೇ: ಸ್ಪ್ಯಾನಿಂಗ್ ಟ್ರೀ ಆನ್, ಎಲ್ಲ ಗೋಡೆ ಸಾಕೆಟ್‌ಗಳಿಗೂ ಎಡ್ಜ್ ಮತ್ತು ಗಾರ್ಡ್. ನಂತರ ಅದೇ ಕಾರ್ಡನ್ನು ಅದೇ ಎರಡು ಸಾಕೆಟ್‌ಗಳಿಗೆ ಬೇಕೆಂದೇ ಚುಚ್ಚಿ ನೋಡಿದೆ. ಆ ಸಾಕೆಟ್‌ನ ದೀಪ ಆರಿತು. ಕಟ್ಟಡದ ಬೇರೆ ಯಾರಿಗೂ ಏನೂ ತಿಳಿಯಲಿಲ್ಲ.

ಕೇಬಲ್‌ಗಳ ಬಗ್ಗೆ ಎರಡು ಮಾತು. ಕಟ್ಟಡಗಳ ನಡುವೆ ಫೈಬರ್ ಹಾಕಿಸಿರುವುದು ಬಹಳ ಒಳ್ಳೆಯದಾಯಿತು. ನಮ್ಮ ಕರಾವಳಿಯಲ್ಲಿ ಮಳೆಗಾಲಕ್ಕೆ ಮೊದಲು ಮತ್ತು ಅದು ಹಿಂದೆ ಸರಿಯುವಾಗ ಬರುವ ಸಿಡಿಲಿಗೆ ತಾಮ್ರದ ಕೇಬಲ್ ಇದ್ದಿದ್ದರೆ ಎರಡೂ ತುದಿಯ ಪೋರ್ಟ್‌ಗಳನ್ನು ಬಲಿ ಕೊಡಬೇಕಾಗುತ್ತಿತ್ತು. ಆದರೆ ಎರಡೂ ಫೈಬರ್‌ಗಳು ಒಂದೇ ಕಾಲುವೆಯಲ್ಲಿ ಹೋಗಿದ್ದರೆ ಜೆಸಿಬಿಯ ಒಂದೇ ಏಟಿಗೆ ಎರಡೂ ಹೋಗುತ್ತವೆ, ಆಗ ಯಾವ ಮರವೂ ಕಾಪಾಡುವುದಿಲ್ಲ. ಮುಂದಿನ ಸಲ ನೆಲ ಅಗೆಯುವ ಕೆಲಸ ಬಂದಾಗ ಒಂದನ್ನು ಬೇರೆ ದಾರಿಯಲ್ಲಿ ಹಾಕಿಸಿ.

ಎಲ್ಲ ಮುಗಿದ ಮೇಲೆ ಒಂದು ಭಾನುವಾರ, ಬಿಲ್ಲಿಂಗ್ ಇಲ್ಲದ ಹೊತ್ತಿನಲ್ಲಿ, ಗೋದಾಮಿನ ಒಂದು ಕಂಪ್ಯೂಟರಿನಿಂದ ಕಚೇರಿಯ ಸರ್ವರ್‌ಗೆ ಸೆಕೆಂಡಿಗೊಂದರಂತೆ ನಿಲ್ಲಿಸದೆ ಪಿಂಗ್ (ಉತ್ತರ ಬರುತ್ತದೆಯೇ ಎಂದು ನೋಡುವ ಸಣ್ಣ ಸಂದೇಶ) ಕಳುಹಿಸುತ್ತ, 23ರ ಕೇಬಲನ್ನು ಕಳಚಿ. ಎಷ್ಟು ಪಿಂಗ್ ತಪ್ಪಿದವು ಎಂದು ಎಣಿಸಿ. ಅದನ್ನು ಮರಳಿ ಚುಚ್ಚಿ, ಸ್ವಲ್ಪ ಕಾದು, 24ರದನ್ನು ಕಳಚಿ ಹಾಗೆಯೇ ಎಣಿಸಿ. ಒಂದೆರಡು ತಪ್ಪಿದರೆ ಸರಿ. ಮೂವತ್ತರ ಹತ್ತಿರ ತಪ್ಪಿದರೆ ಯಾವುದೋ ತುದಿಯಲ್ಲಿ ಹಳೆಯ ಸ್ಪ್ಯಾನಿಂಗ್ ಟ್ರೀಯೇ ಓಡುತ್ತಿದೆ. ಪಿಂಗ್ ಮರಳಿ ಬರಲೇ ಇಲ್ಲವೆಂದರೆ ಉಳಿದ ಕೇಬಲ್‌ನಲ್ಲಿ ವಿಲ್ಯಾನ್ 10 ಬಿಟ್ಟುಹೋಗಿದೆ. ಎರಡೂ ತುದಿಗಳ ಟ್ರಂಕ್ ಪಟ್ಟಿಯನ್ನು ಮತ್ತೊಮ್ಮೆ ಓದಿ.